ಮೇಜಿನ ಸುತ್ತ ಯಾರೂ ಸುಮ್ಮನೆ ಕಾಯಬಾರದು

ಮೇಜಿನ ಸುತ್ತ 5 ಆಟಗಾರರು. ಕಥೆಯಲ್ಲಿ ದೈತ್ಯನ ಜೊತೆ ಕಾದಾಟ ನಡೆದಿದೆ. ಒಬ್ಬೊಬ್ಬರೂ ಯೋಚಿಸಿ, ದಾಳ ಎಸೆದು, ಲೆಕ್ಕ ಮುಗಿಸಲು 4 ನಿಮಿಷ ಹಿಡಿಯಿತು ಎಂದಿಟ್ಟುಕೊಳ್ಳಿ. ಒಮ್ಮೆ ಆಡಿದವರ ಸರದಿ ಮತ್ತೆ ಬರಲು 16 ನಿಮಿಷ ಕಾಯಬೇಕು. ಅಷ್ಟರಲ್ಲಿ ಕೈ ಮೊಬೈಲಿಗೆ ಹೋಗಿರುತ್ತದೆ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಅಮೆರಿಕದಲ್ಲಿ ಹೊರತಂದ ‘ಡಂಜನ್ಸ್ ಅಂಡ್ ಡ್ರಾಗನ್ಸ್’ನಿಂದ ಹೆಸರಾದ ಆಟದ ಬಗೆ ಇದು. ಒಬ್ಬೊಬ್ಬ ಆಟಗಾರನಿಗೂ ಒಂದೊಂದು ಪಾತ್ರ. ಉಳಿದ ಲೋಕವನ್ನೆಲ್ಲ ನಡೆಸುವವರು ಗೇಮ್ ಮಾಸ್ಟರ್. ಅದೇ ಪಾತ್ರಗಳ ಕಥೆ ವಾರಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮುಂದುವರಿದರೆ ಅದೇ ಕ್ಯಾಂಪೇನ್. ಒಂದು ಸಂಜೆಯ ಬೇಸರವನ್ನು ಯಾರಾದರೂ ಸಹಿಸಿಕೊಂಡಾರು. ಪ್ರತಿ ವಾರವೂ ಪಂಕ್ತಿಯಲ್ಲಿ ತನ್ನ ಎಲೆಗೆ ಮಾತ್ರ ಬಡಿಸದಿದ್ದರೆ?

ಇದಕ್ಕೆ ಮದ್ದು ಈ ಆಟದ ಹುಟ್ಟಿನಲ್ಲೇ ಇದೆ. 1969ರ ಸುಮಾರಿಗೆ ಮಿನೆಸೋಟದಲ್ಲಿ ಡೇವಿಡ್ ವೆಸ್ಲಿ ‘ಬ್ರೌನ್‌ಸ್ಟೈನ್’ ಎಂಬ ಯುದ್ಧದಾಟ ನಡೆಸಿದರು. ಅಲ್ಲಿ ಸೇನಾಪತಿಗಳು ಮಾತ್ರ ಇರಲಿಲ್ಲ. ಆ ಕಲ್ಪಿತ ಊರಿನ ಮೇಯರ್, ಬ್ಯಾಂಕಿನವ, ವಿಶ್ವವಿದ್ಯಾಲಯದ ಕುಲಪತಿಯ ಪಾತ್ರಗಳೂ ಇದ್ದವು. ಒಬ್ಬೊಬ್ಬರಿಗೂ ತಮ್ಮದೇ ಗುರಿ. ಆಟಗಾರರು ಸರದಿಗೆ ಕಾಯದೆ ಗುಂಪುಗುಂಪಾಗಿ ಒಳಸಂಚು ಹೂಡತೊಡಗಿದರು. ಆಟ ಕೈತಪ್ಪಿತು, ಕೆಟ್ಟೇಹೋಯಿತು ಎಂದುಕೊಂಡರು ವೆಸ್ಲಿ. ಆಡಿದವರು ಮಾತ್ರ ಇನ್ನೊಮ್ಮೆ ಆಡಿಸಿ ಎಂದು ಬೆನ್ನುಬಿದ್ದರು. ಆ ಬಳಗದಲ್ಲಿದ್ದವರೇ ಆರ್ನೆಸನ್.

ನಿಯಮಗಳೇ ಆಟಗಾರರನ್ನು ಹೊರಗಿಟ್ಟ ಉದಾಹರಣೆಯೂ ಉಂಟು. 1989ರ ‘ಶ್ಯಾಡೋರನ್’ನಲ್ಲಿ ಡೆಕರ್ ಎಂಬ ಹ್ಯಾಕರ್ ಪಾತ್ರವಿದೆ. ಆತ ಕಂಪ್ಯೂಟರ್ ಜಾಲದೊಳಗೆ ಹೊಕ್ಕರೆ ಅಲ್ಲಿ ಅವನದೇ ಬೇರೆ ಕಥೆ, ಬೇರೆ ದಾಳ. ಅವನು ಹೊರಬರುವವರೆಗೆ ಉಳಿದವರಿಗೆ ಕೆಲಸವಿಲ್ಲ. 2005ರ 4ನೇ ಆವೃತ್ತಿ ಜಾಲವನ್ನು ನಿಸ್ತಂತು ಮಾಡಿತು. ಈಗ ಹ್ಯಾಕರ್ ತಂಡದ ಜೊತೆಗೇ ಓಡುತ್ತ, ಎದುರಿಗಿರುವ ಬಾಗಿಲಿನ ಬೀಗವನ್ನು ತೆರೆಯಬಲ್ಲ.

2009ರ ‘ಡಾಕ್ಟರ್ ಹೂ’ ಆಟದ ಉಪಾಯ ಇನ್ನೂ ಸೊಗಸು. ಸಂಘರ್ಷದಲ್ಲಿ ಮಾತಾಡುವವರಿಗೆ ಮೊದಲ ಸರದಿ, ಆಮೇಲೆ ಓಡುವವರಿಗೆ, ಬಳಿಕ ಬೇರೆ ಏನಾದರೂ ಮಾಡುವವರಿಗೆ, ಹೊಡೆದಾಡುವವರು ಕೊನೆಗೆ. ಕತ್ತಿ ಹಿಡಿಯಲಾರದ ಪಾತ್ರಕ್ಕೂ ಗುಂಡು ಹಾರುವ ಮುನ್ನವೇ ಒಂದು ಅವಕಾಶ ಸಿಗುತ್ತದೆ. ಇಷ್ಟು ಚಿಕ್ಕ ನಿಯಮ ಆಟದ ಸ್ವಭಾವವನ್ನೇ ಬದಲಿಸುತ್ತದೆ.

ಉಳಿದದ್ದು ಗೇಮ್ ಮಾಸ್ಟರ್ ಕೈಯಲ್ಲಿದೆ. “ಈಗೇನು ಮಾಡ್ತೀರಿ?” ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದರೆ ಬಾಯಿ ಜೋರಿರುವವರೇ ಉತ್ತರಿಸುತ್ತಾರೆ. “ಆ ವ್ಯಾಪಾರಿ ನಿನ್ನನ್ನೇ ದಿಟ್ಟಿಸ್ತಿದ್ದಾನೆ, ನಿನ್ನ ಊರಿನವನೇ ಇರಬೇಕು. ಮಾತಾಡಿಸ್ತೀಯಾ?” ಎಂದು ಮೂಲೆಯಲ್ಲಿ ಕೂತವಳನ್ನು ಕೇಳಿದರೆ ಕಥೆ ಅವಳತ್ತ ತಿರುಗುತ್ತದೆ. ತಂಡ ಎರಡಾಗಿ ಒಡೆದಾಗ ಒಂದು ಗುಂಪಿನ ಕಥೆಯನ್ನು ಕುತೂಹಲ ಏರಿದಲ್ಲೇ ನಿಲ್ಲಿಸಿ ಇನ್ನೊಂದಕ್ಕೆ ಹೋಗುವುದು ಪಳಗಿದವರ ರೂಢಿ.

ಹಾಗೆಂದು ಮೌನವೆಲ್ಲ ಬೇಸರವಲ್ಲ. ಆಟಗಾರರಲ್ಲಿ ಹಲವು ಬಗೆಯವರನ್ನು ಗುರುತಿಸಿ 2002ರಲ್ಲಿ ಪುಸ್ತಕ ಬರೆದ ರಾಬಿನ್ ಲಾಸ್, ಗೆಳೆಯರ ಸಂಗಕ್ಕೆಂದೇ ಬಂದು ಹಿಂದೆ ಕೂತು ಖುಷಿಪಡುವವರಿಗೂ ಅದರಲ್ಲಿ ಜಾಗ ಕೊಟ್ಟಿದ್ದಾರೆ. ಅಂಥವರನ್ನು ಎಳೆದು ಮುಂದೆ ನಿಲ್ಲಿಸುವುದು ಉಪಕಾರವಲ್ಲ. ಆಟ ಮುಗಿದ ಮೇಲೆ ಮೆಲ್ಲಗೆ ಕೇಳಿ ನೋಡಬೇಕು: “ಮುಂದಿನ ವಾರ ನಿನ್ನ ಪಾತ್ರ ಏನು ಮಾಡುತ್ತೆ?” ಉತ್ತರ ತಟ್ಟನೆ ಬಂದರೆ, ಅವರು ಅಷ್ಟು ಹೊತ್ತೂ ಕಥೆಯೊಳಗೇ ಇದ್ದರೆಂದು ತಿಳಿಯಬಹುದು.