ನಾಟಿ ತಳಿಗೆ ಟಾಲರೆನ್ಸ್ ಎಷ್ಟು?

ವರ್ಕ್‌ಶಾಪ್ ಲ್ಯಾಬಲ್ಲಿ ಒಂದು ಜಾಬ್ ಮಾಡಿದ ಮೇಲೆ ಅದನ್ನ ಅಳೀತೀವಿ. ಡ್ರಾಯಿಂಗಲ್ಲಿ ಒಂದು ಅಳತೆ ಇರುತ್ತೆ, ಪಕ್ಕದಲ್ಲೇ ಟಾಲರೆನ್ಸ್ ಇರುತ್ತೆ. ಅದರೊಳಗೆ ಬಂದ್ರೆ ಪಾಸ್, ಇಲ್ಲಾಂದ್ರೆ ರಿಜೆಕ್ಟ್. ನಮ್ಮ ದೇಶದಲ್ಲಿ ಬಿತ್ತನೆ ಬೀಜಕ್ಕೂ ಹೆಚ್ಚು ಕಡಿಮೆ ಇಂಥದ್ದೇ ವ್ಯವಸ್ಥೆ ಇದೆ. ಅದು ಯಾಕೆ ಬಂತು, ಅದರಿಂದ ನಮ್ಮ ನಾಟಿ ತಳಿಗಳಿಗೆ ಏನಾಗ್ತಿದೆ ಅಂತ ನೋಡೋಣ.

ಕಾನೂನು ಯಾಕೆ ಬೇಕಾಯ್ತು?

ಬೀಜ ಒಂದು ವಿಚಿತ್ರ ವಸ್ತು. ಅಂಗಡಿಯಲ್ಲಿ ಕೈಗೆ ತಗೊಂಡು ನೋಡಿದ್ರೆ ಒಳ್ಳೇದೋ ಕೆಟ್ಟದ್ದೋ ಗೊತ್ತಾಗಲ್ಲ. ಬಿತ್ತಿದ ಮೇಲೆ ಗೊತ್ತಾಗುತ್ತೆ, ಅಷ್ಟೊತ್ತಿಗೆ ಮಳೆ ಹೋಗಿರುತ್ತೆ, ಮಾಡಿದ ಸಾಲ ಉಳಿದಿರುತ್ತೆ. ಕಳಪೆ ಬೀಜದಿಂದ ರೈತರನ್ನು ಕಾಪಾಡೋಕೆ 1966ರಲ್ಲಿ ಬೀಜ ಕಾಯ್ದೆ ಬಂತು. ಸರ್ಕಾರ ಅಧಿಸೂಚನೆ ಹೊರಡಿಸಿದ ತಳಿಗಳ ಬೀಜ ಮಾರಬೇಕಾದರೆ ಕನಿಷ್ಠ ಗುಣಮಟ್ಟ ಇರಲೇಬೇಕು. ಉದಾಹರಣೆಗೆ ಭತ್ತದ ಪ್ರಮಾಣಿತ ಬೀಜದಲ್ಲಿ ಶೇ. 98ರಷ್ಟು ಶುದ್ಧ ಬೀಜ ಇರಬೇಕು, ಕನಿಷ್ಠ ಶೇ. 80ರಷ್ಟು ಮೊಳಕೆ ಬರಬೇಕು. ಚೀಲದ ಮೇಲೆ ನೀಲಿ ಬಣ್ಣದ ಚೀಟಿ ಇದ್ರೆ ಅದು ಪ್ರಮಾಣಿತ ಬೀಜ ಅಂತ ಅರ್ಥ. ಇಲ್ಲಿವರೆಗೆ ಯಾರದ್ದೂ ತಕರಾರಿಲ್ಲ.

ಸಮಸ್ಯೆ ಎಲ್ಲಿದೆ?

ಗುಣಮಟ್ಟದ ಜೊತೆಗೆ ಈ ವ್ಯವಸ್ಥೆ ಇನ್ನೊಂದು ವಿಷಯವನ್ನೂ ಕೇಳುತ್ತೆ: ಏಕರೂಪತೆ. ಒಂದು ತಳಿಯ ಗಿಡಗಳೆಲ್ಲ ಒಂದೇ ಎತ್ತರ ಇರಬೇಕು, ಒಂದೇ ಸಮಯಕ್ಕೆ ತೆನೆ ಬಿಡಬೇಕು. ಬೇರೆ ಥರ ಕಾಣುವ ಗಿಡ ಬೆರಕೆ, ಅದನ್ನ ಕಿತ್ತು ಹಾಕಬೇಕು. ಯಂತ್ರದ ಬಿಡಿಭಾಗಕ್ಕೆ ಇದು ಸರಿಯಾದ ನಿಯಮ.

ಆದ್ರೆ ನಾಟಿ ತಳಿ ಒಂದು ಬಿಡಿಭಾಗ ಅಲ್ಲ, ಅದೊಂದು ಗುಂಪು. ತಲೆಮಾರುಗಳಿಂದ ಹೊಲದಲ್ಲೇ ಆರಿಸಿಕೊಂಡು ಬಂದ ಬೀಜದಲ್ಲಿ ಗಿಡದಿಂದ ಗಿಡಕ್ಕೆ ಸಣ್ಣ ಸಣ್ಣ ವ್ಯತ್ಯಾಸ ಇದ್ದೇ ಇರುತ್ತೆ. ಮಳೆ ತಡವಾದ್ರೆ ಕೆಲವು ಗಿಡ ಸೋಲುತ್ತೆ, ಕೆಲವು ನಿಲ್ಲುತ್ತೆ. ಬೆಂಕಿ ರೋಗ ಬಂದಾಗಲೂ ಎಲ್ಲವೂ ಒಟ್ಟಿಗೆ ಬೀಳುವ ಸಾಧ್ಯತೆ ಕಡಿಮೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ, ಏಕರೂಪದ ಬೆಳೆಯಲ್ಲಿ ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್ ಇದೆ, ನಾಟಿ ತಳಿಯಲ್ಲಿ ರಿಡಂಡೆನ್ಸಿ ಇದೆ. ಅಂದ್ರೆ ಯಾವ ಗುಣದಿಂದ ನಾಟಿ ತಳಿ ಉಪಯೋಗಕ್ಕೆ ಬರುತ್ತೋ, ಅದೇ ಗುಣ ತಪಾಸಣೆಯಲ್ಲಿ ದೋಷ ಅನ್ನಿಸಿಕೊಳ್ಳುತ್ತೆ.

ಉತ್ತರ ಕನ್ನಡದ ಕಗ್ಗ ಭತ್ತ ತಗೊಳ್ಳಿ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ನದಿ ಸಮುದ್ರ ಸೇರುವ ಕಡೆ ಗಜನಿ ಭೂಮಿ ಇದೆ. ಅಲ್ಲಿಗೆ ಉಪ್ಪುನೀರು ನುಗ್ಗುತ್ತೆ, ಮಳೆಗಾಲದಲ್ಲಿ ನೆರೆ ಬರುತ್ತೆ. ಮಾಮೂಲಿ ಭತ್ತ ಅಲ್ಲಿ ಬದುಕೋದು ಕಷ್ಟ, ಕಗ್ಗ ಬದುಕುತ್ತೆ. ಇಳುವರಿಯನ್ನ ಮಾತ್ರ ಅಳೆದ್ರೆ ಕಗ್ಗ ಹಿಂದೆ ಬೀಳಬಹುದು. ಆ ಜಾಗಕ್ಕೆ ಬೇರೆ ಏನಿದೆ ಅಂತ ಕೇಳಿದ್ರೆ ಉತ್ತರ ಬದಲಾಗುತ್ತೆ.

ಹಾಗಾದ್ರೆ ನಿಷೇಧ ಇದೆಯಾ?

ಇಲ್ಲ. ಇದನ್ನ ಸ್ಪಷ್ಟವಾಗಿ ತಿಳ್ಕೋಬೇಕು, ಯಾಕಂದ್ರೆ ವಾಟ್ಸಾಪಲ್ಲಿ ಬೇರೆ ಥರ ಓಡಾಡುತ್ತೆ. 1966ರ ಕಾಯ್ದೆಯ 24ನೇ ಕಲಂ ಪ್ರಕಾರ, ರೈತ ತಾನು ಬೆಳೆದ ಬೀಜವನ್ನ ತನ್ನ ಜಾಗದಲ್ಲೇ ಇನ್ನೊಬ್ಬರಿಗೆ ಬಿತ್ತೋಕೆ ನೇರವಾಗಿ ಮಾರಿದ್ರೆ ಆ ಕಾಯ್ದೆ ಅನ್ವಯಿಸಲ್ಲ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ ಇನ್ನೂ ಮುಂದೆ ಹೋಗುತ್ತೆ. ಕಂಪನಿ ನೋಂದಾಯಿಸಿದ ತಳಿಯ ಬೀಜವನ್ನೂ ರೈತ ಉಳಿಸಿಕೊಳ್ಳಬಹುದು, ಮತ್ತೆ ಬಿತ್ತಬಹುದು, ಹಂಚಬಹುದು, ಮಾರಬಹುದು. ಬ್ರ್ಯಾಂಡ್ ಹೆಸರು ಹಾಕಿ ಮಾರುವಂತಿಲ್ಲ, ಅಷ್ಟೇ.

ಈ ಹಕ್ಕು ಕಾಗದದ ಮೇಲಿದ್ರೂ ಪರೀಕ್ಷೆ ತಪ್ಪಲ್ಲ. 2019ರಲ್ಲಿ ಪೆಪ್ಸಿಕೋ, ತಾನು ನೋಂದಾಯಿಸಿದ ಆಲೂಗಡ್ಡೆ ತಳಿ ಬೆಳೆದಿದ್ದಾರೆ ಅಂತ ಗುಜರಾತಿನ ರೈತರ ಮೇಲೆ ಕೇಸ್ ಹಾಕಿತು. ಅವರಲ್ಲಿ ನಾಲ್ವರಿಂದ ಕೇಳಿದ್ದು ತಲಾ ಒಂದು ಕೋಟಿ ರೂಪಾಯಿಗಿಂತ ಹೆಚ್ಚು. ದೇಶದ ತುಂಬ ವಿರೋಧ ಬಂದ ಮೇಲೆ ಕೇಸ್ ವಾಪಸ್ ಪಡೀತು.

ನಾಟಿ ತಳಿಗಳ ವಿಷಯದಲ್ಲಿ ಆಗ್ತಿರೋದು ಇದಕ್ಕಿಂತ ಮೌನವಾದ ಕೆಲಸ. ಅಧಿಸೂಚಿತ ತಳಿಗೆ ಮಾತ್ರ ಪ್ರಮಾಣಪತ್ರ ಸಿಗುತ್ತೆ. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದಲ್ಲಿ ಸಿಗೋದು ಸಾಮಾನ್ಯವಾಗಿ ಅಂಥ ಬೀಜಾನೇ. ಒಂದು ಬೀಜಕ್ಕೆ ಸರ್ಕಾರ ದುಡ್ಡು ಕೊಡುತ್ತೆ, ಇನ್ನೊಂದಕ್ಕೆ ಕೊಡಲ್ಲ ಅಂದ್ರೆ ಎರಡನೆಯದು ನಿಧಾನಕ್ಕೆ ಹೊಲದಿಂದ ಹೊರಗೆ ಹೋಗುತ್ತೆ. ಯಾರೂ ಓಡಿಸಬೇಕಾಗಿಲ್ಲ. ಇದರ ಮೇಲೆ 1983ರ ಬೀಜ ನಿಯಂತ್ರಣ ಆದೇಶ ಇದೆ: ಬೀಜ ಮಾರುವ ವ್ಯಾಪಾರಕ್ಕೆ ಲೈಸೆನ್ಸ್ ಬೇಕು. ಮನೆ ಅಂಗಳದಲ್ಲಿ ಪಕ್ಕದ ಊರಿನವರಿಗೆ ಬೀಜ ಕೊಡೋದು ಸುಲಭ. ಹತ್ತು ಮನೆಯವರು ಸೇರಿ ಪೇಟೆಯಲ್ಲಿ ಅಂಗಡಿ ಇಡೋಣ ಅಂದ್ರೆ ದೊಡ್ಡ ಕಂಪನಿ ತುಂಬುವ ಫಾರ್ಮನ್ನೇ ತುಂಬಬೇಕು.

ಈಗ ಯಾಕೆ ಮುಖ್ಯ?

2025ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಹೊಸ ಬೀಜ ಮಸೂದೆಯ ಕರಡು ಪ್ರಕಟಿಸಿತು. ಅದರಲ್ಲಿ ಮಾರಾಟಕ್ಕಿರುವ ತಳಿಗಳ ನೋಂದಣಿ ಕಡ್ಡಾಯ. ರೈತರ ತಳಿಗಳಿಗೆ ವಿನಾಯಿತಿ ಇದೆ. ವಿನಾಯಿತಿ ಒಳ್ಳೇದೇ. ಆದ್ರೆ ವಿನಾಯಿತಿ ಅಂದ್ರೆ ‘ನಿಮ್ಮನ್ನ ಹಿಡಿಯಲ್ಲ’ ಅಂತ, ‘ನಿಮಗೂ ದಾರಿ ಮಾಡಿಕೊಡ್ತೀವಿ’ ಅಂತ ಅಲ್ಲ. ವಿನಾಯಿತಿಯಿಂದ ಮಾತ್ರ ನಾಟಿ ತಳಿ ಉಳಿಯಲ್ಲ.

ದಾರಿ ಇಲ್ಲದೇ ಇಲ್ಲ. 2001ರ ಕಾಯ್ದೆಯ ನಿಯಮಗಳಲ್ಲೇ ಒಂದು ಸುಳಿವಿದೆ: ರೈತರ ತಳಿ ನೋಂದಾಯಿಸುವಾಗ, ಬೇರೆ ತಳಿಗಳಿಗೆ ಬಿಟ್ಟಿರುವುದರ ಎರಡರಷ್ಟು ಬೆರಕೆ ಗಿಡಗಳನ್ನ ಒಪ್ಪಿಕೊಳ್ಳುತ್ತಾರೆ. ಅಂದ್ರೆ ಟಾಲರೆನ್ಸ್ ಬದಲಾಯಿಸೋಕೆ ಸಾಧ್ಯ ಅಂತ ಕಾನೂನೇ ಒಪ್ಪಿದೆ. ಇದೇ ಯೋಚನೆಯನ್ನ ಸಹಾಯಧನಕ್ಕೂ ತರಬಹುದು. ಮೊಳಕೆ ಮತ್ತು ರೋಗದ ಪರೀಕ್ಷೆ ಎಲ್ಲರಿಗೂ ಒಂದೇ ಇರಲಿ, ಅದರಲ್ಲಿ ರಿಯಾಯಿತಿ ಬೇಡ. ಏಕರೂಪತೆಯ ಅಳತೆ ಮಾತ್ರ ನಾಟಿ ತಳಿಗೆ ಬೇರೆ ಇರಲಿ. ಊರಿನ ಬೀಜ ಬ್ಯಾಂಕುಗಳಿಗೆ ಅವರ ಗಾತ್ರಕ್ಕೆ ತಕ್ಕ ಸರಳ ಲೈಸೆನ್ಸ್ ಸಿಗಲಿ.

ಸ್ಪೆಸಿಫಿಕೇಷನ್ ಬರೆಯೋರು ಯಾವಾಗಲೂ ತಮಗೆ ಅಳೆಯೋಕೆ ಸುಲಭ ಆಗೋದನ್ನೇ ಮೊದಲು ಬರೀತಾರೆ. ಇನ್ನು ಕೆಲವು ವರ್ಷಕ್ಕೆ ಯಾವುದೋ ಒಂದು ಕ್ಷೇತ್ರದಲ್ಲಿ ಆ ಕೆಲಸ ನಮ್ಮ ಕೈಗೇ ಬರುತ್ತೆ. ನಮ್ಮ ಅಳತೆಗೆ ಸಿಗದೆ ಹೊರಗೆ ಉಳಿಯೋದು ಏನು ಅಂತ ಆಗ ಒಂದ್ಸಲ ಕೇಳಿಕೊಳ್ಳೋಣ.