ಗಾಂಧಾರವನ್ನು ತಡೆದ ಕಾರ್ಡುಗಳು

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಮೊದಲಾದ ಊರುಗಳ ನಾಟಕ ಭಜನೆಗಳಿಗೆ ಹಾರ್ಮೋನಿಯಂ ಬಹುಕಾಲದ ಒಡನಾಡಿ. ಅದರ ಪಕ್ಕದಲ್ಲಿ, ಕೆಲವೆಡೆ ಅದರ ಸ್ಥಾನದಲ್ಲಿಯೇ, ಈಗ ಎಲೆಕ್ಟ್ರಾನಿಕ್ ಕೀಬೋರ್ಡು ಬಂದು ಕುಳಿತಿದೆ. ಹಾರ್ಮೋನಿಯಂ ವಾದಕನು ಬಹುಮಟ್ಟಿಗೆ ಹಾಡಿನ ಜಾಡನ್ನೇ ಹಿಡಿದು ನಡೆಯುವನು. ಕೀಬೋರ್ಡಿನವನಾದರೋ ಎಡಗೈಯಲ್ಲಿ ಮೂರು ನಾಲ್ಕು ಸ್ವರಗಳನ್ನು ಏಕಕಾಲದಲ್ಲಿ ಒತ್ತಿ ‘ಕಾರ್ಡ್’ ಎಂಬ ಸ್ವರಗುಚ್ಛವನ್ನು ಕೂಡಿಸುವನು. ಆ ಕಾರ್ಡು ರಾಗವನ್ನು ಕಾಯುವುದೋ ಕೆಡಿಸುವುದೋ ಎಂಬುದೇ ನಮ್ಮ ಇಂದಿನ ವಿಚಾರ.

ಸಾಮಾನ್ಯ ಕಾರ್ಡಿನಲ್ಲಿ ಷಡ್ಜ, ಗಾಂಧಾರ, ಪಂಚಮಗಳಿರುತ್ತವೆ. ಅಂತರ ಗಾಂಧಾರವಿದ್ದರೆ ಅದು ಮೇಜರ್. ಸಾಧಾರಣ ಗಾಂಧಾರವಿದ್ದರೆ ಮೈನರ್. ಗಾಂಧಾರವನ್ನು ತೆಗೆದು ಆ ಜಾಗದಲ್ಲಿ ಶುದ್ಧ ಮಧ್ಯಮವನ್ನಿಟ್ಟರೆ ‘ಸಸ್ ೪’, ಚತುಃಶ್ರುತಿ ರಿಷಭವನ್ನಿಟ್ಟರೆ ‘ಸಸ್ ೨’ ಎಂದು ಹೆಸರು. ‘ಸಸ್’ ಎಂಬುದು ‘ಸಸ್ಪೆಂಡೆಡ್’ ಶಬ್ದದ ಸಂಕ್ಷೇಪ. ಹಿಂದಿನ ಕಾರ್ಡಿನ ಒಂದು ಸ್ವರವನ್ನು ಮುಂದಿನದರಲ್ಲಿಯೂ ತಡೆದು ನಿಲ್ಲಿಸಿ, ಅನಂತರ ಗಾಂಧಾರಕ್ಕೆ ಇಳಿಸುವುದು ಐರೋಪ್ಯರ ಹಳೆಯ ಪದ್ಧತಿ. ಇಳಿಸಲೇಬೇಕೆಂಬ ಕಟ್ಟು ೨೦ನೆಯ ಶತಮಾನದಲ್ಲಿ ಸಡಿಲವಾಯಿತು. ಅಮೆರಿಕದ ಹರ್ಬಿ ಹ್ಯಾಂಕಾಕ್ ಅವರ ‘ಮೇಡನ್ ವಾಯೇಜ್’ (೧೯೬೫) ಇಂತಹ ಕಾರ್ಡುಗಳ ಮೇಲೆಯೇ ನಿಂತಿರುವ ರಚನೆ.

ಇವನ್ನು ಗುರುತಿಸುವ ಬಗೆ ಹೇಗೆ? ಸ, ಮ, ಪ ಎಂಬ ಮೂರು ಸ್ವರಗಳನ್ನು ಒತ್ತಿರೆಂದುಕೊಳ್ಳಿ. ಷಡ್ಜವೇ ಆಧಾರವಾದರೆ ಇದು ಷಡ್ಜದ ಸಸ್ ೪. ಅವೇ ಸ್ವರಗಳನ್ನು ಮಧ್ಯಮದಿಂದ ಎಣಿಸಿದರೆ ಮಧ್ಯಮದ ಸಸ್ ೨. ಹೆಸರನ್ನು ನಿರ್ಣಯಿಸುವುದು ಕೆಳಗಿನ ಮಂದ್ರಸ್ವರ. ಸ, ಮ, ಕೈಶಿಕಿ ನಿಷಾದಗಳ ಗುಚ್ಛವು ವಿಚಿತ್ರವಾಗಿ ಕಂಡರೂ, ಮಧ್ಯಮದಿಂದ ಎಣಿಸಿದರೆ ಅದೂ ಸಸ್ ೪ ಎಂದು ತಿಳಿಯುತ್ತದೆ.

ಇನ್ನು ಪ್ರಯೋಗ. ಮಧ್ಯಮಾವತಿಯ ಸ್ವರಗಳು ಸ, ರಿ, ಮ, ಪ, ನಿ. ಅದರಲ್ಲಿ ಗಾಂಧಾರವೇ ಇಲ್ಲ. ಅದರ ಕೆಳಗೆ ಷಡ್ಜದ ಮೇಜರ್ ಅಥವಾ ಮೈನರ್ ಕಾರ್ಡನ್ನು ಒತ್ತಿದೊಡನೆ ಹಾಡುವವನು ಕರೆಯದ ಸ್ವರವೊಂದು ಸಭೆಗೆ ನುಗ್ಗುತ್ತದೆ. ಅದಕ್ಕೆ ಬದಲು ಎಡಗೈಯಲ್ಲಿ ಷಡ್ಜ, ಬಲಗೈಯಲ್ಲಿ ನಿಷಾದ, ರಿಷಭ, ಮಧ್ಯಮಗಳನ್ನಿಟ್ಟರೆ ರಾಗದ ಸ್ವರಗಳೇ ಕಾರ್ಡಾಗಿ ನಿಲ್ಲುತ್ತವೆ. ಪಾಶ್ಚಾತ್ಯರು ಇದನ್ನು ‘ನೈನ್ ಸಸ್ ಫೋರ್’ ಎನ್ನುತ್ತಾರೆ. ಇದರಲ್ಲಿ ರಿಷಭವೊಂದನ್ನು ಅರ್ಧ ಮೆಟ್ಟಿಲು ಇಳಿಸಿದರೆ ರೇವತಿಗೆ, ಅಂದರೆ ಹಿಂದುಸ್ತಾನಿಯ ಬೈರಾಗಿಗೆ, ಒಪ್ಪುವ ಅಪರೂಪದ ಸಸ್ ದೊರೆಯುತ್ತದೆ. ಮೋಹನದಲ್ಲಿ ಮಧ್ಯಮವಿಲ್ಲ, ಆದುದರಿಂದ ಅಲ್ಲಿ ಸಸ್ ೪ ಸಲ್ಲದು. ಸ, ರಿ, ಪ ಎಂಬ ಸಸ್ ೨ನ್ನು ಹಿಡಿದು, ರಿಷಭವನ್ನು ಮೆಲ್ಲನೆ ಗಾಂಧಾರಕ್ಕೆ ಏರಿಸಬಹುದು.

ಶ್ರುತಿಯ ದೃಷ್ಟಿಯಿಂದಲೂ ಇದಕ್ಕೆ ಬೆಂಬಲವುಂಟು. ಕೀಬೋರ್ಡಿನ ಅರ್ಧ ಮೆಟ್ಟಿಲನ್ನು ೧೦೦ ಸೆಂಟುಗಳೆಂದು ಎಣಿಸುತ್ತಾರೆ. ತಂಬೂರಿಯ ನಾದದಲ್ಲಿ ಹುಟ್ಟುವ ಅಂತರ ಗಾಂಧಾರವು ಸುಮಾರು ೩೮೬ ಸೆಂಟುಗಳಲ್ಲಿ ನಿಂತರೆ, ಕೀಬೋರ್ಡಿನದು ೪೦೦ರಲ್ಲಿ ನಿಲ್ಲುತ್ತದೆ. ಮಧ್ಯಮ ಪಂಚಮಗಳ ವ್ಯತ್ಯಾಸವಾದರೋ ಸುಮಾರು ೨ ಸೆಂಟುಗಳು ಮಾತ್ರ. ಇಂತಹ ಸ್ಥಿರಸ್ವರಗಳೂ ಗಮಕದ ಅಭಾವವೂ ದೋಷವೆಂಬ ಆಕ್ಷೇಪದಿಂದಲೇ ಅಖಿಲ ಭಾರತ ರೇಡಿಯೋ ೧೯೪೦ರಲ್ಲಿ ಹಾರ್ಮೋನಿಯಮ್ಮನ್ನು ಹೊರಗಿಟ್ಟಿತು. ೧೯೭೧ರವರೆಗೆ ಆ ನಿಷೇಧ ಸಡಿಲಲಿಲ್ಲ. ಸಸ್ ಕಾರ್ಡು ಈ ಆಕ್ಷೇಪವನ್ನೆಲ್ಲ ಪರಿಹರಿಸದು; ಗಮಕವನ್ನು ಅದು ಕೊಡಲಾರದು. ಆದರೆ ಹೆಚ್ಚು ಕರ್ಕಶವಾಗುವ ಸ್ವರವನ್ನು ಅದು ಬಿಟ್ಟುಕೊಡುತ್ತದೆ.

ಆದುದರಿಂದ ಕಾರ್ಡನ್ನು ಒತ್ತುವ ಮೊದಲು ರಾಗದಲ್ಲಿ ಗಾಂಧಾರವುಂಟೇ, ಮಧ್ಯಮವುಂಟೇ ಎಂದು ಕೇಳಿಕೊಳ್ಳುವುದು ವಾದಕನ ಮೊದಲ ಧರ್ಮ. ಎರಡನೆಯದು, ಹಾಡು ಕಂಪಿಸುವಲ್ಲಿ ಕೈ ತಡೆದು, ನಿಲುಗಡೆಯಲ್ಲಿ ಮಾತ್ರ ಮೆಲ್ಲಗೆ ನುಡಿಸುವುದು. ಇಷ್ಟನ್ನು ಪಾಲಿಸಿದರೆ ಹೊಸ ವಾದ್ಯವು ನಮ್ಮ ಹಳೆಯ ಹಾಡಿಗೆ ಹೊರೆಯಾಗದೆ ಆಸರೆಯಾದೀತು.