ಬೀದರ್‌ನಲ್ಲಿ ಹಿಮಪಾತವೇ? ಅಲ್ಲ, ಅದು ಆಲಿಕಲ್ಲು

ಬೇಸಿಗೆಯ ಆರಂಭದಲ್ಲಿ ಬೀದರ್, ಭಾಲ್ಕಿ, ಔರಾದ್ ಕಡೆ ಗುಡುಗು ಮಳೆ ಸುರಿದು ನೆಲ ಬೆಳ್ಳಗಾದರೆ ಸಾಕು, ‘ನಮ್ಮೂರಲ್ಲೂ ಹಿಮಪಾತ’ ಎಂಬ ಸಂದೇಶ ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಇದು ನಿಜವೇ?

ನಿಜವೇನು?
ಬೀಳುವುದು ಆಲಿಕಲ್ಲು. ಮರಾಠಿಯಲ್ಲಿ ‘ಗಾರಾ’, ಉರ್ದುವಿನಲ್ಲಿ ‘ಓಲೆ’ ಎನ್ನುವುದೂ ಇದನ್ನೇ. ಕನ್ನಡದಲ್ಲಿ ‘ಆಲಿ’ಗೆ ಕಣ್ಣುಗುಡ್ಡೆ ಎಂಬ ಅರ್ಥವೂ ಇದೆ.

ವ್ಯತ್ಯಾಸವೇನು?
ಹಿಮ ಎಂದರೆ ನೀರಾವಿಯಿಂದ ಮೋಡದಲ್ಲಿ ಮೂಡುವ ಹಗುರ ಹರಳು. ನೆಲದ ಬಳಿಯೂ ಕೊರೆಯುವ ಚಳಿ ಇದ್ದರಷ್ಟೇ ಅದು ಕರಗದೆ ಕೆಳಗಿಳಿಯುತ್ತದೆ. ಆಲಿಕಲ್ಲಿಗೆ ಬೇಕಿರುವುದು ಬಿಸಿಲು. ಕಾದ ಗಾಳಿ ರಭಸದಿಂದ ಮೇಲೇರಿ ಹನಿಗಳನ್ನು ಗುಡುಗು ಮೋಡದ ತುದಿಗೆ ಒಯ್ಯುತ್ತದೆ. ಅಲ್ಲಿ ಹೆಪ್ಪುಗಟ್ಟಿದ ಹನಿಗೆ ಪದರ ಪದರವಾಗಿ ಮಂಜುಗಡ್ಡೆ ಮೆತ್ತಿ, ಭಾರ ತಾಳದೆ ಬೀಳುತ್ತದೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ದಪ್ಪಗಿದ್ದರೆ ಆಲಿಕಲ್ಲು.

ಹೆಸರು ಯಾಕೆ ಮುಖ್ಯ?
ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಆಲಿಕಲ್ಲು ಮಳೆ ಸ್ಥಳೀಯ ವಿಕೋಪ. ವಿಮೆ ಮಾಡಿಸಿದ ಬೆಳೆ ಹಾಳಾದರೆ 72 ಗಂಟೆಯೊಳಗೆ ತಿಳಿಸಬೇಕು, ಸಹಾಯವಾಣಿ 14447.

ನಮ್ಮ ತೀರ್ಮಾನ: ‘ಹಿಮಪಾತ’ ಎಂಬುದು ತಪ್ಪು. ಫಾರ್ವರ್ಡ್ ಮಾಡುವುದಿದ್ದರೆ ಆ ವಿಡಿಯೊ ಬದಲು ಈ 72 ಗಂಟೆಯ ಮಾತನ್ನು ಮಾಡಿ.